ಚಳಿಗಾಲ ಬಂದರೆ ಕುದುರೆ ಹತ್ತುವ ಮನಸ್ಸೇ ಇರುವುದಿಲ್ಲ, ಏನು ಮಾಡಲಿ?

ತುಂಗಾತೀರದವಳು:

ಕೆನಡಾದ ಆಲ್ಬರ್ಟಾದಲ್ಲಿದ್ದೇನೆ, ಕ್ಯಾಲ್ಗರಿಯಿಂದ ದಕ್ಷಿಣಕ್ಕೆ ಒಕೊಟೋಕ್ಸ್ ಹತ್ತಿರ. ನನ್ನ ಕುದುರೆ ಕಸ್ತೂರಿಗೆ ಈಗ ಹದಿನೈದು ವರ್ಷ. ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣು, ಮೊದಲು ದನ ಸಾಕುವ ರಾಂಚ್ ಒಂದರಲ್ಲಿ ದುಡಿದವಳು. ಬಾಡಿಗೆ ಲಾಯದ ಬಯಲಿನಲ್ಲಿ ಇತರ ಕುದುರೆಗಳ ಜೊತೆ ಹಗಲೂ ರಾತ್ರಿ ಹೊರಗೇ ಇರುತ್ತಾಳೆ, ಗಾಳಿಗೆ ಮರೆಯಾಗಿ ಮೂರು ಗೋಡೆಯ ಮಾಡು ಇದೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತರ ತನಕ ಬೆಳಕು. ಕಚೇರಿ ಮುಗಿಸಿ ಬಂದು ಅವಳ ಬೆನ್ನೇರಿ ರಾಕಿ ಪರ್ವತಗಳ ಕಡೆಗೆ ಹೊರಟರೆ ದಿನದ ದಣಿವೆಲ್ಲ ಇಳಿದುಹೋಗುತ್ತದೆ.

ಡಿಸೆಂಬರ್ ಹಿಡಿಯಿತೆಂದರೆ ಆ ಆಸೆ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾನು ಲಾಯ ತಲುಪುವಾಗ ಕಗ್ಗತ್ತಲು. ಟಾರ್ಚ್ ಹಿಡಿದು ಅವಳನ್ನು ಹುಡುಕಿ ತರಬೇಕು. ಗೊರಸಿನೊಳಗೆ ಹಿಮ ಕಲ್ಲಾಗಿ ಕಚ್ಚಿಕೊಂಡಿರುತ್ತದೆ. ಕೆರೆಯುವ ಕೊಕ್ಕೆಯಿಂದ ಕೀಳಲು ಹೋದರೆ ಚೂರು ಚೂರಾಗಿ ಸಿಡಿಯುತ್ತದೆಯೇ ಹೊರತು ಪೂರ್ತಿ ಬರುವುದಿಲ್ಲ, ಬಲಗೈಯ ಬೆರಳುಗಳು ಅಷ್ಟರಲ್ಲೇ ಮರಗಟ್ಟಿರುತ್ತವೆ. ಹೆಪ್ಪುಗಟ್ಟಿದ ಕಬ್ಬಿಣವನ್ನು ಬಾಯಿಗೆ ಇಡಬಾರದೆಂದು ಕಡಿವಾಣವನ್ನು ಕೋಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳಬೇಕು. ಆಮೇಲೆ ಜೀನು. ಒಳಾಂಗಣದ ಕಣದಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಅವಳ ದಪ್ಪ ಚಳಿಗೂದಲು ಬೆವರಿನಿಂದ ತೊಯ್ದುಹೋಗುತ್ತದೆ. ಅದು ಒಣಗದೆ ಹೊರಗೆ ಬಿಡುವಂತಿಲ್ಲ, ಒಣಗಲು ಒಂದು ಗಂಟೆಗೂ ಹೆಚ್ಚು ಬೇಕು. ಹೊರಗೆ ಹೋಗೋಣವೆಂದರೆ ಪರ್ವತಗಳ ಕಡೆಯಿಂದ ಚಿನೂಕ್ ಎಂಬ ಬಿಸಿಗಾಳಿ ಬೀಸಿ ಒಂದೇ ಹಗಲಿನಲ್ಲಿ ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟಿ ದಾರಿಯೆಲ್ಲ ಗಾಜಿನ ಹಾಸು.

ಹಾಗಾಗಿ ವಾರದ ದಿನಗಳಲ್ಲಿ ಹೋಗುತ್ತೇನೆ, ಕ್ಯಾರೆಟ್ ತಿನ್ನಿಸುತ್ತೇನೆ, ಕುತ್ತಿಗೆ ತಟ್ಟಿ ವಾಪಸಾಗುತ್ತೇನೆ. ಶನಿವಾರ ಮಾತ್ರ ಸವಾರಿ. ಹಿಂಗಾಲಿನ ಕೀಲು ಚಳಿಗೆ ಬಿಗಿಯುವುದರಿಂದ ಮೊದಲ ಹತ್ತು ನಿಮಿಷ ಅವಳ ಹೆಜ್ಜೆಯೇ ಸರಿ ಬೀಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಚಳಿಯಲ್ಲ. ಇಷ್ಟು ಆಸೆಪಟ್ಟು ಕೊಂಡ ಕುದುರೆ ಅಲ್ಲಿ ನಿಂತಿದೆ, ನನಗೆ ಹತ್ತುವ ಮನಸ್ಸಿಲ್ಲ. ಬಲವಂತವಾಗಿಯಾದರೂ ಹತ್ತಬೇಕೇ, ಏಪ್ರಿಲ್‌ವರೆಗೆ ಬಿಟ್ಟುಬಿಡಬಹುದೇ? ಬಿಟ್ಟರೆ ಅವಳಿಗೆ ಕೆಡುಕಾಗುತ್ತದೆಯೇ? ನಮ್ಮ ಭಾಷೆಯಲ್ಲಿ ಇದನ್ನೆಲ್ಲ ಕೇಳಲು ಇಲ್ಲಿ ಯಾರೂ ಇಲ್ಲ, ಅದಕ್ಕೇ ಇಷ್ಟುದ್ದ ಬರೆದೆ.

ಯಾರ್ಕ್‌ಶೈರ್ ಲಾಯ:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ಕೆಡುಕಾಗುವುದಿಲ್ಲ. ಕೆಡುಕಾಗುವುದು ಶನಿವಾರದ ಸವಾರಿಯಿಂದ. ಆರು ದಿನ ಸುಮ್ಮನೆ ನಿಂತ ಪ್ರಾಯ ಸಂದ ಕುದುರೆಯನ್ನು ಏಳನೆಯ ದಿನ ಕಣಕ್ಕೆ ತಂದು ಬೆವರುವಷ್ಟು ಓಡಿಸಿದರೆ ಸ್ನಾಯುವಿಗೂ ಕೀಲಿಗೂ ಅದು ಹೊರೆ. ನೀವು ಕೇಳಿದ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಸರಿಯೇ, ಈಗ ನಡೆದಿರುವುದು ಎರಡೂ ಅಲ್ಲ.

ನಾನು ಇಂಗ್ಲೆಂಡಿನಲ್ಲಿ ಬಹಳ ವರ್ಷಗಳಿಂದ ಕುದುರೆ ಸಾಕುತ್ತಿದ್ದೇನೆ. ಇಲ್ಲಿ ಹಿಂದೆ ನರಿ ಬೇಟೆಯ ಕುದುರೆಗಳಿಗೆ ಚಳಿಗಾಲವಿಡೀ ಕೆಲಸ, ಬೇಸಿಗೆಯಲ್ಲಿ ರಜೆ ಇರುತ್ತಿತ್ತು. ವಸಂತ ಬಂದಾಗ ಕಾಳು ಕಡಿಮೆ ಮಾಡಿ, ಹೊದಿಕೆ ಬಿಡಿಸಿ, ಲಾಳ ಕಿತ್ತು ಹುಲ್ಲಿಗೆ ಬಿಡುತ್ತಿದ್ದರು. ಬೇಸಿಗೆ ಮುಗಿಯುತ್ತ ಬಂದಂತೆ ಒಳಗೆ ತಂದು, ವಾರಗಟ್ಟಲೆ ಬರೀ ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ಓಟ. ತಿಂಗಳುಗಟ್ಟಲೆ ರಜೆ ಪಡೆದ ಆ ಕುದುರೆಗಳು ಮುಂದಿನ ಋತುವಿನಲ್ಲಿ ಬೇಲಿ, ಹಳ್ಳ ಎಲ್ಲವನ್ನೂ ಹಾರುತ್ತಿದ್ದವು. ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನೆ ಸವಾರಿ ಆಗಬೇಕೆಂಬುದು ಕುದುರೆಯ ಬಯಕೆಯಲ್ಲ, ನಮ್ಮದು. ಕಸ್ತೂರಿಯ ರಜೆ ಚಳಿಗಾಲಕ್ಕೆ ಬಿದ್ದಿದೆ, ಅಷ್ಟೇ. ಆದರೆ ರಜೆ ಎಂದು ತೀರ್ಮಾನ ಮಾಡಿ ಕೊಡಿ. ದಿನಾ ಸಂಜೆ "ಇವತ್ತು ಹತ್ತಲೇ, ಬೇಡವೇ" ಎಂದು ಒದ್ದಾಡುವುದೇ ನಿಮ್ಮನ್ನು ಸೋಲಿಸುತ್ತಿರುವುದು. ತಾರೀಖು ಗೊತ್ತು ಮಾಡಿ, ಜೀನಿಗೆ ಎಣ್ಣೆ ಸವರಿ, ಬಟ್ಟೆ ಹೊದಿಸಿ ಮನೆಗೆ ತಂದುಬಿಡಿ.

ಪೂರ್ತಿ ಬಿಡಲು ಮನಸ್ಸು ಒಪ್ಪದಿದ್ದರೆ ನಡಿಗೆ ಒಂದನ್ನೇ ಇಟ್ಟುಕೊಳ್ಳಿ. ಬೆವರಿಸಬೇಡಿ. ಬೆವರಿಲ್ಲವೆಂದರೆ ಒಣಗಿಸುವ ಆ ಒಂದು ಗಂಟೆಯೂ ಇಲ್ಲ, ನಿಮ್ಮ ಅರ್ಧ ಬೇಸರ ಅಲ್ಲೇ ಹೋಯಿತು. ಕಣದಲ್ಲಿ ನಾಲ್ಕು ಕಂಬ ನೆಲಕ್ಕೆ ಹಾಕಿ ಅವುಗಳ ಮೇಲೆ ನಿಧಾನವಾಗಿ ನಡೆಸಿ, ಕಾಲೆತ್ತಿ ಇಡುವುದರಿಂದ ಆ ಹಿಂಗಾಲಿನ ಕೀಲಿಗೂ ಒಳ್ಳೆಯದು. ಜೀನಿಲ್ಲದೆ ಬರೀ ಬೆನ್ನಿನ ಮೇಲೆ ಕುಳಿತು ನೋಡಿ. ಕುದುರೆಯ ಮೈ ಬಿಸಿ ನಮಗಿಂತ ಹೆಚ್ಚು, ಸುಮಾರು 38 ಡಿಗ್ರಿ. ತೊಡೆಯಿಂದ ಆ ಬಿಸಿ ಏರುತ್ತ ಬಂದಾಗ ಇಳಿಯುವ ಮನಸ್ಸಾಗುವುದಿಲ್ಲ. ಇಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವ ದಿನಗಳಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ನನ್ನನ್ನು ಮತ್ತೆ ಮತ್ತೆ ಹೊರಗೆ ಎಳೆದದ್ದು ಅದೊಂದೇ.

ಕೂದಲು ಕತ್ತರಿಸಿದರೆ ಬೇಗ ಒಣಗುತ್ತದೆ ಎಂದು ಯಾರಾದರೂ ಹೇಳಿಯಾರು. ನಿಮ್ಮ ಊರಿನಲ್ಲಿ ಬಯಲಲ್ಲಿರುವ ಕುದುರೆಗೆ ಅದು ಬೇಡವೇ ಬೇಡ.

ಮಿನ್ನೆಸೋಟದಿಂದ:

ಪಶುವೈದ್ಯರ ಬಳಿ ಸಹಾಯಕನಾಗಿದ್ದೇನೆ, ಚಳಿ ನಿಮ್ಮಷ್ಟೇ ನಮಗೂ ಇದೆ. ಮೇಲಿನ ಮಾತು ಸರಿ. ಎರಡೇ ವಿಷಯ ಸೇರಿಸುತ್ತೇನೆ.

ಕ್ಯಾರೆಟ್ ಕೊಟ್ಟು ಬರುವ ಆ ಹತ್ತು ನಿಮಿಷವನ್ನು ಕೀಳಾಗಿ ಎಣಿಸಬೇಡಿ. ಆಗ ನೀರಿನ ತೊಟ್ಟಿ ನೋಡಿ. ಒಣಹುಲ್ಲು ತಿನ್ನುವ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೆ ಅವು ಕಡಿಮೆ ಕುಡಿಯುತ್ತವೆ, ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಚಳಿಗಾಲದಲ್ಲಿ ರಾತ್ರಿ ಕರೆ ಬಂದರೆ ನಮಗೆ ಮೊದಲು ಬರುವ ಅನುಮಾನ ಅದೇ. ತೊಟ್ಟಿಯ ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ನೀರಿಗೆ ಕೈ ಹಾಕಿಯೇ ನೋಡಬೇಕು. ಲದ್ದಿ ಒಣಗಿ ಸಣ್ಣ ಉಂಡೆಯಾಗಿದ್ದರೆ ಅಂದೇ ಎಚ್ಚರವಾಗಿ.

ಇನ್ನೊಂದು, ಪಕ್ಕೆಲುಬು ಮುಟ್ಟಿ ನೋಡಿ. ಕೈಗವಸು ತೆಗೆದು, ಕೂದಲಿನೊಳಗೆ ಬೆರಳು ಇಳಿಸಿ ಒತ್ತಬೇಕು. ಚಳಿಗೂದಲು ಎಷ್ಟು ದಪ್ಪವೆಂದರೆ ಕುದುರೆ ಸೊರಗಿದ್ದರೂ ದೂರಕ್ಕೆ ದುಂಡಗೇ ಕಾಣುತ್ತದೆ, ಮಾರ್ಚ್‌ನಲ್ಲಿ ಕೂದಲು ಉದುರಿದಾಗಷ್ಟೇ ಮಾಲೀಕರಿಗೆ ತಿಳಿಯುತ್ತದೆ. ಸೊರಗಿದೆ ಅನ್ನಿಸಿದರೆ ಮೊದಲು ಕಾಳಲ್ಲ, ಹುಲ್ಲು ಹೆಚ್ಚಿಸಿ. ನಾರು ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಅವುಗಳ ಒಲೆ. ಮೈ ಒಣಗಿದ್ದು ಗಾಳಿಗೆ ಮರೆಯಿದ್ದರೆ ಚಳಿಗೂದಲು ಬೆಳೆದ ಕುದುರೆ ಸೊನ್ನೆಗಿಂತ ಕೆಳಗೆ 15 ಡಿಗ್ರಿಯವರೆಗೆ ಹಾಯಾಗಿರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿದ ದಿನ ಏದುಸಿರು ಬರುವ ಕೆಲಸ ಬೇಡ, ಆ ಗಾಳಿ ಶ್ವಾಸನಾಳಕ್ಕೆ ಒಳ್ಳೆಯದಲ್ಲ. ಅಂಥ ದಿನ ನಿಮಗೆ ಮನಸ್ಸಿಲ್ಲದಿದ್ದರೆ ಆ ಮನಸ್ಸೇ ಸರಿ.

ನಿವೃತ್ತ, ಮಡಿಕೇರಿ:

ಮಗಳೇ, ನಾನು ಸೇನೆಯ ಕುದುರೆಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರಿನರಿ ಕೋರ್‌ನಲ್ಲಿದ್ದವನು. ಮೀರತ್‌ನ ಚಳಿ ನಿನ್ನ ಕೆನಡಾದ ಚಳಿಗೆ ಸಮವಲ್ಲ, ಆದರೆ ಜನವರಿಯ ಮಂಜಿನಲ್ಲಿ ಹತ್ತು ಗಜ ಆಚೆಗಿನ ಕುದುರೆ ಕಾಣುತ್ತಿರಲಿಲ್ಲ. ಸವಾರಿ ರದ್ದಾದ ದಿನವೂ ಲಾಯದ ಕೆಲಸ ರದ್ದಾಗುತ್ತಿರಲಿಲ್ಲ. ಎಳೆಯ ಸಿಪಾಯಿಗಳು ಕುದುರೆಯ ಗುಣ ಕಲಿಯುತ್ತಿದ್ದುದು ಅಂಥ ದಿನಗಳಲ್ಲೇ.

ಒಂದು ವಿಷಯದಲ್ಲಿ ಯಾರ್ಕ್‌ಶೈರ್‌ನವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಎಳೆಯ ಕುದುರೆಗೆ ಪೂರ್ತಿ ರಜೆ ಕೊಡಬಹುದು. ಹದಿನೈದು ದಾಟಿದ, ಕೀಲು ಬಿಗಿಯುವ ಕುದುರೆಗೆ ಬೇಡ. ಬಯಲಿನಲ್ಲಿದ್ದರೂ ನೆಲ ಮಂಜುಗಡ್ಡೆಯಾದಾಗ ಅದು ಹುಲ್ಲಿನ ಮುಂದೆ ನಿಂತಲ್ಲೇ ನಿಲ್ಲುತ್ತದೆ. ನಿಂತ ಕೀಲು ಇನ್ನಷ್ಟು ಬಿಗಿಯುತ್ತದೆ. ಬೆನ್ನೇರಬೇಡ, ಹಗ್ಗ ಹಿಡಿದು ಪಕ್ಕದಲ್ಲೇ ನಡೆ. ನೀನು ನಿಂತಾಗ ನಿಲ್ಲಬೇಕು, ನೀನು ಹಿಂದೆ ಸರಿದಾಗ ಸರಿಯಬೇಕು. ಇದು ಬಂದ ಕುದುರೆ ಬೇಸಿಗೆಯಲ್ಲಿ ಲಗಾಮಿನ ಅರ್ಧ ಮಾತಿಗೆ ಕಿವಿಗೊಡುತ್ತದೆ.

ನಡೆಸಿ ಬಂದಮೇಲೆ ಹುಲ್ಲಿನ ಮಾಲೀಸು ಮಾಡು. ಒಣಹುಲ್ಲನ್ನು ಹಗ್ಗದಂತೆ ಹೊಸೆದು, ಮಡಚಿ ಬಿಗಿದರೆ ಅಂಗೈ ತುಂಬುವ ಗಟ್ಟಿ ಕಂತೆಯಾಗುತ್ತದೆ. ಅದರಿಂದ ಕುತ್ತಿಗೆ, ಭುಜ, ಪಿರ್ರೆಯ ಮಾಂಸಲ ಜಾಗದ ಮೇಲೆ ತಾಳ ಹಿಡಿದು ತಟ್ಟಿ ಎಳೆಯಬೇಕು. ಸೊಂಟದ ಮೇಲೆ, ಹೊಟ್ಟೆಯ ಮೇಲೆ, ಎಲುಬಿರುವಲ್ಲಿ ಬೇಡ. ಸ್ವಲ್ಪ ಹೊತ್ತಿಗೆ ಕೆಳತುಟಿ ಜೋಲುಬಿದ್ದರೆ ಹಿಡಿಸಿತೆಂದು ತಿಳಿ. ನಿನಗೂ ಕೋಟು ಬಿಚ್ಚುವಷ್ಟು ಸೆಕೆಯಾಗುತ್ತದೆ. ಆದರೆ ಬಯಲಿನ ಕುದುರೆಯ ಕೂದಲಿನ ಬುಡದ ಜಿಡ್ಡನ್ನು ಉಜ್ಜಿ ತೆಗೆಯಬೇಡ, ಅದೇ ಅದರ ಕಂಬಳಿ.

ತುಂಗಾತೀರದವಳು:

ಮೂವರಿಗೂ ನಮಸ್ಕಾರ. ನಿನ್ನೆ ಸಂಜೆ ಕೈಗವಸು ತೆಗೆದು ಪಕ್ಕೆ ಒತ್ತಿ ನೋಡಿದೆ. ಎಲುಬು ಸಿಗುತ್ತದೆ, ಆದರೆ ಮೇಲೆ ತೆಳುವಾದ ಕೊಬ್ಬಿನ ಪದರ ಇದೆ, ಸಮಾಧಾನವಾಯಿತು. ತೊಟ್ಟಿಯ ನೀರು ಬೆಚ್ಚಗಿದೆ.

ಫೆಬ್ರವರಿ ಮುಗಿಯುವವರೆಗೆ ಜೀನು ಮನೆಯಲ್ಲೇ ಇರಲಿ ಎಂದು ಗಟ್ಟಿಮಾಡಿದ್ದೇನೆ. ಮಂಗಳವಾರ, ಗುರುವಾರ ಹಗ್ಗ ಹಿಡಿದು ನಡಿಗೆ, ಆಮೇಲೆ ಮಾಲೀಸು. ಶನಿವಾರ ಕಂಬಗಳ ಮೇಲೆ ನಡಿಗೆ, ಬರೀ ಬೆನ್ನಿನಲ್ಲಿ. ತೀರ್ಮಾನ ಮಾಡಿದ ಕೂಡಲೇ ಲಾಯಕ್ಕೆ ಹೋಗಬೇಕೆಂಬ ಆಸೆ ಮರಳಿದ್ದು ನನಗೇ ಆಶ್ಚರ್ಯ.

ಒಂದು ಪ್ರಶ್ನೆ ಉಳಿದಿದೆ. ಹೇಗೂ ಸವಾರಿಯಿಲ್ಲ, ಲಾಳ ತೆಗೆಸಿಬಿಡಲೇ? ಹಿಮ ಕಚ್ಚುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ.

ಯಾರ್ಕ್‌ಶೈರ್ ಲಾಯ:

ಕಡಿಮೆಯಾಗುವುದು ನಿಜ. ಲಾಳದ ಕಬ್ಬಿಣ ಹಿಮವನ್ನು ಒಳಗೆ ಹಿಡಿದಿಡುತ್ತದೆ, ಬರಿ ಗೊರಸು ಅದನ್ನು ಉದುರಿಸುತ್ತದೆ. ಆದರೆ ತೆಗೆಸುವುದಿದ್ದರೆ ನೆಲ ಮೆತ್ತಗಿರುವ ಶರತ್ಕಾಲದಲ್ಲೇ ತೆಗೆಸಬೇಕಿತ್ತು, ಆಗ ಅಂಗಾಲು ಗಟ್ಟಿಯಾಗಲು ಸಮಯ ಸಿಗುತ್ತದೆ. ಈಗ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲಕ್ಕೆ ಏಕಾಏಕಿ ಬರಿಗಾಲಲ್ಲಿ ಬಿಟ್ಟರೆ ನೋವಾದೀತು. ಈ ವರ್ಷ ಲಾಳಕ್ಕೂ ಗೊರಸಿಗೂ ನಡುವೆ ಹಿಮ ತಳ್ಳುವ ರಬ್ಬರ್ ಪಟ್ಟಿ ಹಾಕಿಸಿ. ಮಂಜುಗಡ್ಡೆಗೆ ಜಾರದಂಥ ಮೊಳೆ ಬೇಕೇ ಎಂದು ಲಾಳ ಕಟ್ಟುವವರನ್ನೇ ಕೇಳಿ, ಅವರಿಗೆ ನಿಮ್ಮ ನೆಲ ಗೊತ್ತು. ಚಳಿಗಾಲದಲ್ಲಿ ಗೊರಸು ನಿಧಾನವಾಗಿ ಬೆಳೆಯುತ್ತದೆಂದು ಅವರ ಭೇಟಿಯನ್ನು ಮಾತ್ರ ಮುಂದೂಡಬೇಡಿ. ಉದ್ದ ಬೆಳೆದ ಮುಂಗೊರಸು ಬಿಗಿದ ಕೀಲಿಗೆ ಇನ್ನಷ್ಟು ಕಷ್ಟ ಕೊಡುತ್ತದೆ.