ಲಾರಿಯ ಮುಂಭಾಗದಲ್ಲಿ ಅರೆಯುವ ಸದ್ದು: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಲಾರಿ ಮಾಲೀಕರು

ನಮ್ಮದು ಹತ್ತು ಚಕ್ರದ ಲಾರಿ. ಹಂಗಾಮಿನಲ್ಲಿ ಕಬ್ಬು ಸಾಗಿಸುತ್ತೇವೆ, ಉಳಿದ ದಿನಗಳಲ್ಲಿ ಸಿಮೆಂಟು ಮತ್ತು ಜಲ್ಲಿ. ಇತ್ತೀಚೆಗೆ ವೇಗ 40 ಕಿ.ಮೀ. ದಾಟುತ್ತಿದ್ದಂತೆ ಮುಂಭಾಗದಿಂದ ಗರಗರ ಎಂದು ಅರೆಯುವ ಸದ್ದು ಬರುತ್ತಿದ್ದು, ಅದರ ನಡುಕ ಸ್ಟೇರಿಂಗಿಗೂ ಕ್ಯಾಬಿನ್ನಿನ ತಳಕ್ಕೂ ತಿಳಿಯುತ್ತದೆ. ರಸ್ತೆ ಎಡಕ್ಕೆ ತಿರುಗುವಲ್ಲಿ ಸದ್ದು ಹೆಚ್ಚಾಗುತ್ತದೆ, ಬಲಕ್ಕೆ ತಿರುಗುವಲ್ಲಿ ತಗ್ಗುತ್ತದೆ. ಕಿವಿಗೆ ಎಡಗಡೆಯಿಂದಲೇ ಕೇಳಿಸಿದ್ದರಿಂದ ಗ್ಯಾರೇಜಿನವರು ಎಡ ಚಕ್ರದ ಬೇರಿಂಗ್ ಬದಲಿಸಿಕೊಟ್ಟರು, ಆದರೆ ಸದ್ದು ಹಾಗೆಯೇ ಇದೆ. ಈಗ ಹಬ್ (ಚಕ್ರವನ್ನು ಹೊತ್ತು ಆಕ್ಸಲ್ ತುದಿಯಲ್ಲಿ ತಿರುಗುವ ನಡುಭಾಗ) ಸಹಿತ ಎಲ್ಲವನ್ನೂ ಹೊಸದಾಗಿ ಹಾಕೋಣ ಎನ್ನುತ್ತಿದ್ದಾರೆ. ನಮ್ಮ ಹುಡುಗನೊಬ್ಬ ಅಮೆರಿಕದ ಯಾವುದೋ ವಿಡಿಯೊ ನೋಡಿ, ವ್ಯಾಕ್ಯೂಮ್ ಪೈಪ್ (ಇಂಜಿನ್ನಿನ ಗಾಳಿ ಸೆಳೆತದ ಕೊಳವೆ) ಸೋರಿದರೂ ಹೀಗಾಗುತ್ತದೆ ಎನ್ನುತ್ತಿದ್ದಾನೆ. ಖರ್ಚಿಗೆ ಕೈ ಹಾಕುವ ಮೊದಲು ಏನನ್ನು ನೋಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ವಿಜಯಪುರದ ಗ್ಯಾರೇಜ್ ಮಾಲೀಕರು

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ರಸ್ತೆ ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ, ಆಗ ಬಲ ಚಕ್ರದ ಬೇರಿಂಗಿನ ಮೇಲೆ ಒತ್ತಡ ಏರುತ್ತದೆ. ಎಡ ತಿರುವಿನಲ್ಲಿ ಸದ್ದು ಹೆಚ್ಚಿ ಬಲ ತಿರುವಿನಲ್ಲಿ ಇಳಿಯುವುದಾದರೆ, ಬಹುಮಟ್ಟಿಗೆ ಕೆಟ್ಟಿರುವುದು ಬಲಗಡೆಯ ಬೇರಿಂಗ್. ಕಿವಿಗೆ ಎಡದಿಂದ ಕೇಳಿಸಿತು ಎಂಬುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಂದಿನ ಆಕ್ಸಲ್ ಒಂದೇ ಉಕ್ಕಿನ ತೊಲೆಯಾಗಿರುವುದರಿಂದ ಒಂದು ತುದಿಯ ಅದುರು ಇನ್ನೊಂದು ತುದಿಗೂ, ಪಾಟಾಗಳ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ಮೂಲಕ ಚಾಸಿಗೂ (ಗಾಡಿಯ ಚೌಕಟ್ಟಿಗೂ) ಹರಡುತ್ತದೆ, ಮೇಲೆ ಕುಳಿತವರಿಗೆ ಅದರ ಮೂಲ ಹತ್ತುವುದಿಲ್ಲ. ಯಾವ ಕಡೆಯಿಂದ ಕೇಳಿಸುತ್ತದೆ ಎಂಬುದಕ್ಕಿಂತ ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ ಎಂಬುದು ನಂಬಿಕೆಗೆ ಯೋಗ್ಯವಾದ ಸಾಕ್ಷಿ. ಗಾಡಿ ತಂದವರಿಗೆ ನಾನು ಮೊದಲು ಕೇಳುವುದೂ ಅದನ್ನೇ.

ಹಾಗೆಂದು ಈ ಒಂದೇ ಲಕ್ಷಣವನ್ನು ನೆಚ್ಚಿ ಬಲ ಹಬ್ ಬಿಚ್ಚುವುದೂ ಸರಿಯಲ್ಲ. ಗಾಡಿ ಖಾಲಿ ಇದ್ದಾಗ, ವಿಜಯಪುರ ಮತ್ತು ಕೊಲ್ಹಾರದ ನಡುವಿನ 52ನೇ ರಾಷ್ಟ್ರೀಯ ಹೆದ್ದಾರಿಯಂಥ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ವಾಹನಗಳಿಲ್ಲದ ಹೊತ್ತು ನೋಡಿ, ಸದ್ದು ಬರುವ ವೇಗಕ್ಕೆ ತಂದು ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ. ಇಂಜಿನನ್ನು ಮಾತ್ರ ಯಾವ ಕಾರಣಕ್ಕೂ ಬಂದ್ ಮಾಡಬಾರದು, ಮಾಡಿದರೆ ಸ್ಟೇರಿಂಗ್ ಭಾರವಾಗುವುದಲ್ಲದೆ ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ಇಂಜಿನ್ನಿನ ಆವರ್ತ ಇಳಿದರೂ ಗರಗರ ಮೊದಲಿನಂತೆಯೇ ಇದ್ದು, ಗಾಡಿಯ ವೇಗದೊಂದಿಗೆ ಮಾತ್ರ ಕುಗ್ಗುತ್ತಾ ಹೋದರೆ, ಫ್ಯಾನ್, ಸ್ಟೇರಿಂಗ್ ಪಂಪ್, ಕ್ಲಚ್ ಬೇರಿಂಗ್ ಇವೆಲ್ಲವನ್ನೂ ಲೆಕ್ಕದಿಂದ ಬಿಡಬಹುದು. ಆಗ ಉಳಿಯುವುದು ಚಕ್ರದೊಂದಿಗೆ ತಿರುಗುವ ಭಾಗಗಳು: ಬೇರಿಂಗ್, ಡ್ರಮ್, ಟೈರ್ ಮತ್ತು ಪ್ರೊಪೆಲ್ಲರ್ ಶಾಫ್ಟ್ (ಗೇರಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ).

ಅದೇ ಓಟದಲ್ಲಿ ರಸ್ತೆಯ ಮೈ ಬದಲಾಗುವಲ್ಲಿಯೂ ಗಮನ ಕೊಡಿ. ಹಳೆಯ ಡಾಂಬರಿನ ಮೇಲೆ ಜೋರಾಗಿದ್ದ ಸದ್ದು ನುಣ್ಣನೆಯ ಕಾಂಕ್ರೀಟಿನ ಮೇಲೆ ಒಮ್ಮೆಲೇ ಅಡಗಿದರೆ ಅದು ಟೈರಿನದು. ಬೇರಿಂಗಿನ ಸದ್ದಿಗೆ ರಸ್ತೆಯ ಮೈಯ ಹಂಗಿಲ್ಲ. ಮುಂದಿನ ಟೈರಿನ ರಸ್ತೆಗೆ ತಾಗುವ ಮೈಯ ಮೇಲೆ ಅಂಗೈಯನ್ನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೈರ್ ಓರೆಯಾಗಿ ಸವೆದಿದೆ ಎಂದರ್ಥ, ಆಗ ಚಕ್ರಗಳ ನೇರ, ಅಂದರೆ ಅಲೈನ್‌ಮೆಂಟ್ ನೋಡಿಸಬೇಕು.

ಇನ್ನು ಜಾಕಿನ ಪರೀಕ್ಷೆ. ಲೋಡ್ ಇಳಿಸಿದ ಮೇಲೆ, ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ಲನ್ನು ಎತ್ತಿ ಕೆಳಗೆ ಸ್ಟ್ಯಾಂಡ್ ಇಡಬೇಕು. ಬರೀ ಜಾಕನ್ನು ನಂಬಿ ಚಕ್ರದ ಬಳಿ ಕೂರಬಾರದು. ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು, ಬೇಕಾದರೆ ಕೆಳಗೆ ಸಬ್ಬಲು ಕೊಟ್ಟು ಒಳಗೆ ಹೊರಗೆ ಅಲುಗಾಡಿಸಿ. ಟಕ್ ಟಕ್ ಎಂದು ಆಟ (ಸಡಿಲ ಅಲುಗಾಟ) ಕಂಡರೆ ಅದು ಬೇರಿಂಗಿನದೋ ಕಿಂಗ್ ಪಿನ್ನಿನದೋ (ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನದೋ) ಎಂಬ ಪ್ರಶ್ನೆ ಬರುತ್ತದೆ. ಆಗ ಒಬ್ಬರನ್ನು ಮೇಲೆ ಕೂರಿಸಿ ಕಾಲು ಬ್ರೇಕ್ ಗಟ್ಟಿಯಾಗಿ ಒತ್ತಿಸಿ ಮತ್ತೆ ಅಲುಗಾಡಿಸಬೇಕು. ಬ್ರೇಕ್ ಹಿಡಿದಾಗ ಡ್ರಮ್ಮೂ ಸ್ಟಬ್ ಆಕ್ಸಲ್ಲೂ (ಹಬ್ ಕೂರುವ ಆಕ್ಸಲ್ ತುದಿ) ಒಂದಾಗುವುದರಿಂದ ಬೇರಿಂಗಿನ ಆಟ ಮಾಯವಾಗುತ್ತದೆ, ಆದರೆ ಕಿಂಗ್ ಪಿನ್ ಬೂಷ್ ಸವೆದಿದ್ದರೆ ಆಟ ಉಳಿದೇ ಇರುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ ಹಬ್ ಬಿಚ್ಚುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಆಟವೇ ಇಲ್ಲದಿದ್ದರೂ ಬೇರಿಂಗ್ ಕೆಟ್ಟಿರಬಹುದು. ಬ್ರೇಕ್ ಬಿಟ್ಟು ಒಬ್ಬರು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಲಿ, ಇನ್ನೊಬ್ಬರು ಪಾಟಾದ ಮೇಲೆ ಅಂಗೈ ಇಡಲಿ. ಒಳ್ಳೆಯ ಬೇರಿಂಗಿನಲ್ಲಿ ಕೈಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದಾದರೆ ಮರಳು ತುಳಿದಂಥ ಒರಟು ನಡುಕ ಅಂಗೈಗೆ ಬರುತ್ತದೆ. ಎರಡೂ ಕಡೆ ಹೀಗೆ ನೋಡಿ ಹೋಲಿಸಿ.

ಹಬ್ ಬಿಚ್ಚುವ ಹೊತ್ತು ಬಂದರೆ ನೀವು ಎದುರಿಗೇ ಇರಿ. ಮುಂದಿನ ಹಬ್ಬಿನಲ್ಲಿ ಒಳಗೊಂದು ಹೊರಗೊಂದು, ಹೀಗೆ ಎರಡು ಟೇಪರ್ ರೋಲರ್ ಬೇರಿಂಗುಗಳಿರುತ್ತವೆ. ಪ್ರತಿಯೊಂದರಲ್ಲೂ ರೋಲರುಗಳಿರುವ ಕೋನ್ ಒಂದು ಭಾಗ, ಹಬ್ಬಿನೊಳಗೆ ಬಿಗಿಯಾಗಿ ಕೂತಿರುವ ಕಪ್ ಇನ್ನೊಂದು ಭಾಗ. ಕಪ್ ಹೊಡೆದು ತೆಗೆಯುವುದು ತ್ರಾಸಿನ ಕೆಲಸವಾದ್ದರಿಂದ ಕೆಲವರು ಹಳೆಯ ಕಪ್ಪನ್ನು ಹಾಗೆಯೇ ಬಿಟ್ಟು ಹೊಸ ಕೋನ್ ಮಾತ್ರ ಕೂರಿಸುತ್ತಾರೆ. ಹಳೆಯ ಕಪ್ಪಿನ ಸವೆತದ ಮೇಲೆ ಹೊಸ ರೋಲರ್ ಓಡಿದರೆ ಅದೂ ಬೇಗನೆ ಹಾಳಾಗುತ್ತದೆ, ಸದ್ದಂತೂ ಮೊದಲ ದಿನದಿಂದಲೇ ಇರುತ್ತದೆ. ಎಡಗಡೆ ಹೀಗಾಗಿದೆಯೋ ಎಂದು ಹಳೆಯ ಸಾಮಾನು ಕೇಳಿ ನೋಡಿ: ಕೋನಿನ ಜೊತೆ ಕಪ್ಪೂ ಇದ್ದರೆ ಸರಿ. ಕಪ್ಪಿನ ಒಳಮೈಯನ್ನು ಒರೆಸಿ ಬೆಳಕಿಗೆ ಹಿಡಿದು ಉಗುರಿನಿಂದ ಗೀರಿ. ಉಗುರು ತಡೆದರೆ, ಅಲ್ಲಲ್ಲಿ ಉಕ್ಕಿನ ಪದರ ಎದ್ದಿದ್ದರೆ ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಮತ್ತೆ ಹಾಕುವಂತಿಲ್ಲ. ನೀಲಿ ಎಂದರೆ ಅತಿಯಾಗಿ ಕಾದಿದೆ ಎಂದು ತಿಳಿಯಬೇಕು.

ನಟ್ಟಿನ ಬಿಗಿಯ ವಿಷಯವನ್ನೂ ಹೇಳಬೇಕು. ಹಬ್ಬನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು ರೋಲರುಗಳು ಸರಿಯಾಗಿ ಕೂತ ಮೇಲೆ, ಕಂಪನಿಯ ಮ್ಯಾನುಯಲ್ ಹೇಳಿದಷ್ಟು ಹಿಂದಕ್ಕೆ ಸಡಿಲಿಸಿ ಲಾಕ್ ಮಾಡಬೇಕು. ಭಾರಿ ವಾಹನಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಆಟ 0.03ರಿಂದ 0.13 ಮಿ.ಮೀ. ಮಾತ್ರ. ಇದನ್ನು ಡಯಲ್ ಗೇಜಿನಿಂದ ಅಳೆಯಬೇಕೇ ಹೊರತು ಕೈಯ ಅಂದಾಜಿಗೆ ಸಿಗುವುದಲ್ಲ. ‘ಗಟ್ಟಿ ಇರಲಿ’ ಎಂದು ಪಾನದ (ಸ್ಪ್ಯಾನರ್) ಮೇಲೆ ನಿಂತು ಬಿಗಿದ ಹೊಸ ಬೇರಿಂಗ್ ಹಳೆಯದಕ್ಕಿಂತ ಮೊದಲೇ ಸುಡುತ್ತದೆ.

ಉತ್ತರ: ಬೆಳಗಾವಿಯ ಲೇತ್ ಕಾರ್ಖಾನೆಯವರು

ವ್ಯಾಕ್ಯೂಮಿನ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಹುಡುಗ ನೋಡಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ಗಾಡಿಯದು. ಅಮೆರಿಕದ ಫೋರ್ಡ್ ಎಫ್-150ರಂಥ ನಾಲ್ಕು ಚಕ್ರ ಚಾಲನೆಯ ಪಿಕಪ್ ಟ್ರಕ್ಕುಗಳಲ್ಲಿ, ಎರಡು ಚಕ್ರ ಚಾಲನೆಯಲ್ಲಿರುವಾಗ ಮುಂದಿನ ಹಬ್ಬಿನ ಹಲ್ಲುಗಳು ಒಂದಕ್ಕೊಂದು ತಾಗದಂತೆ ದೂರ ಹಿಡಿಯುವುದು ಇಂಜಿನ್ನಿನ ವ್ಯಾಕ್ಯೂಮ್. ಪೈಪ್ ಸೋರಿದರೆ ಸ್ಪ್ರಿಂಗಿನ ಒತ್ತಡಕ್ಕೆ ಹಲ್ಲುಗಳು ಅರೆಬರೆ ಕೂಡಿಕೊಂಡು ಅರೆಯತೊಡಗುತ್ತವೆ. ನಿಮ್ಮ ಹತ್ತು ಚಕ್ರದ ಲಾರಿಯಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ, ಮುಂದಿನ ಹಬ್ಬಿನಲ್ಲಿ ಅಂಥ ಹಲ್ಲೂ ಇಲ್ಲ, ಪೈಪೂ ಇಲ್ಲ. ಆ ವಿಡಿಯೊವನ್ನು ಬದಿಗಿಡಿ.

ಉತ್ತರ: 48ನೇ ಹೆದ್ದಾರಿಯಲ್ಲಿ ಓಡಾಡುವ ಚಾಲಕರು, ಸಂಕೇಶ್ವರ

ಬೇರಿಂಗಿನ ಮಾತು ಒಪ್ಪುತ್ತೇನೆ. ಆದರೆ ಬ್ರೇಕನ್ನು ಯಾರೂ ಪೂರ್ತಿಯಾಗಿ ಹೇಳಲಿಲ್ಲ. ವಂಟಮೂರಿ ಘಾಟಿನ ಇಳಿಜಾರಿನಲ್ಲಿ ನಮ್ಮ ಗಾಡಿಯಲ್ಲಿಯೂ ಇಂಥದೇ ಸದ್ದು ಬರುತ್ತಿತ್ತು, ವ್ಯತ್ಯಾಸವೆಂದರೆ ಬ್ರೇಕ್ ಮುಟ್ಟಿದಾಗ ಮಾತ್ರ ಅದು ಏರುತ್ತಿತ್ತು. ಡ್ರಮ್ ತೆಗೆಸಿದಾಗ ಒಂದು ಲೈನರ್ (ಡ್ರಮ್ಮಿಗೆ ಒತ್ತುವ ಬ್ರೇಕ್ ಪಟ್ಟಿ) ರಿವೆಟ್ಟಿನವರೆಗೆ ಸವೆದು, ರಿವೆಟ್ಟಿನ ತಲೆಗಳು ಡ್ರಮ್ಮಿನ ಒಳಮೈಯಲ್ಲಿ ಸಾಲಾಗಿ ಗೆರೆ ಕೊರೆದಿದ್ದವು. ಆದ್ದರಿಂದ ಸದ್ದು ಬರುತ್ತಿರುವಾಗ ಬ್ರೇಕನ್ನು ತುಸುವೇ ಒತ್ತಿ ನೋಡಿ. ಸದ್ದಿನ ಸ್ವರವೇ ಬದಲಾದರೆ ಮೊದಲು ಡ್ರಮ್ಮಿನೊಳಗೆ ನೋಡಬೇಕು.

ಬ್ರೇಕ್ ಮುಟ್ಟದೆಯೇ ಅರೆಯುವುದೂ ಉಂಟು. ಲೈನರನ್ನು ಒತ್ತುವ ಕ್ಯಾಮ್ ಶಾಫ್ಟಿನ ಬೂಷಿನಲ್ಲಿ ಗ್ರೀಸ್ ಒಣಗಿ, ಪಾದ ತೆಗೆದರೂ ಲೈನರ್ ಹಿಂದಕ್ಕೆ ಬಾರದಿದ್ದರೆ ಡ್ರಮ್ ಸದಾ ಉಜ್ಜುತ್ತಿರುತ್ತದೆ. ಇದನ್ನು ಹಿಡಿಯಲು ಬ್ರೇಕ್ ಹೆಚ್ಚು ಬಳಸದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಎರಡೂ ಕಡೆಯ ಡ್ರಮ್ ಮತ್ತು ಹಬ್ಬಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. ಸಾಧನವಿಲ್ಲದಿದ್ದರೆ ಅಂಗೈ ಮುಟ್ಟಿಸದೆ ಕೈಹಿಂಬದಿಯನ್ನು ಹತ್ತಿರ ಒಯ್ದರೂ ಅಂದಾಜು ಸಿಗುತ್ತದೆ. ಎಷ್ಟು ಬಿಸಿ ಎಂಬುದಕ್ಕಿಂತ ಎಡಬಲಗಳ ನಡುವೆ ಎಷ್ಟು ಅಂತರ ಎಂಬುದು ಮುಖ್ಯ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಆಗಾಗ ಹತ್ತುತ್ತಿದೆಯೇ ಎಂಬುದನ್ನೂ ಗಮನಿಸಿ, ಏಕೆಂದರೆ ಬೇರಿಂಗಿನ ಆಟ ಹೆಚ್ಚಾದರೆ ಹಬ್ ಓಲಾಡಿ ಸೆನ್ಸರನ್ನು ಹಿಂದಕ್ಕೆ ತಳ್ಳುತ್ತದೆ.

ಉತ್ತರ: ಮುಧೋಳ ಭಾಗದ ಕಬ್ಬಿನ ಲಾರಿ ಮಾಲೀಕರು

ನಮ್ಮ ಸೀಮೆಯ ಎರೆ ಮಣ್ಣಿನ ವಿಷಯ ಸೇರಿಸುತ್ತೇನೆ. ಹಂಗಾಮಿನ ಆರಂಭದಲ್ಲಿ ಮಳೆ ಬಿದ್ದರೆ ಹೊಲದೊಳಗೆ ಹೋದ ಗಾಡಿಯ ಚಕ್ರ ಹಬ್ಬಿನ ಮಟ್ಟಕ್ಕೆ ಕೆಸರಾಗುತ್ತದೆ. ಆ ಕೆಸರು ಆಯಿಲ್ ಸೀಲಿನ (ಹಬ್ಬಿನೊಳಗೆ ನೀರು, ಧೂಳು ಹೋಗದಂತೆ ತಡೆಯುವ ರಬ್ಬರ್ ಬಳೆಯ) ತುಟಿಯ ಮೇಲೆ ಒಣಗಿ ರಬ್ಬರನ್ನು ತಿನ್ನುತ್ತದೆ, ಆಮೇಲೆ ನೀರು ಒಳಗೆ ಹೋಗುತ್ತದೆ. ತೆಗೆದ ಗ್ರೀಸ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದರ್ಥ, ಬೆರಳುಗಳ ನಡುವೆ ತಿಕ್ಕಿದಾಗ ಬೆಳ್ಳಿಯ ಪುಡಿಯಂತೆ ಹೊಳೆದರೆ ಬೇರಿಂಗಿನ ಉಕ್ಕೇ ಸವೆದು ಬೆರೆತಿದೆ ಎಂದರ್ಥ. ಬೇರಿಂಗ್ ಬದಲಿಸುವಾಗ ಹಳೆಯ ಸೀಲನ್ನೇ ಮತ್ತೆ ಹಾಕಿಸುವುದು ಉಳಿತಾಯವೇ ಅಲ್ಲ.

ಇನ್ನೊಂದು, ನಿಂತಲ್ಲಿಯೇ ಸ್ಟೇರಿಂಗ್ ತಿರುಗಿಸಿದಾಗ ಕರಕರ ಎನ್ನುವುದಾದರೆ ಅದು ಚಕ್ರದ ಬೇರಿಂಗಿನದಲ್ಲ, ಕಿಂಗ್ ಪಿನ್ನಿನ ಥ್ರಸ್ಟ್ ಬೇರಿಂಗಿನದು. ಗಾಡಿಯ ಭಾರ ಅದರ ಮೇಲೆಯೇ ಕೂತಿರುವುದರಿಂದ ಹಾಗೆಯೇ ಗ್ರೀಸ್ ಹೊಡೆದರೆ ಒಳಗೆ ಸರಿಯಾಗಿ ಹೋಗುವುದಿಲ್ಲ; ಆಕ್ಸಲ್ ಎತ್ತಿ ಚಕ್ರ ತೂಗಾಡುವಂತೆ ಮಾಡಿ, ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಹೊಡೆಯಬೇಕು. ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಬಿಡಬಾರದು.

ಕ್ಯಾಬಿನ್ನಿನ ತಳಕ್ಕೆ ನಡುಕ ಬರುತ್ತದೆ ಎಂದಿದ್ದೀರಿ. ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗನ್ನೂ ಒಮ್ಮೆ ನೋಡಿಸಿ. ಅದು ಇರುವುದು ಕ್ಯಾಬಿನ್ನಿನ ಹಿಂದೆ, ಆದರೂ ಕುಳಿತವರಿಗೆ ಕಾಲ ಕೆಳಗಿನಿಂದಲೇ ಬಂದಂತೆ ತೋರುತ್ತದೆ. ಗಾಡಿ ಓಡುವಷ್ಟು ಹೊತ್ತು ಶಾಫ್ಟ್ ತಿರುಗುತ್ತಲೇ ಇರುವುದರಿಂದ ವಿಜಯಪುರದವರು ಹೇಳಿದ ನ್ಯೂಟ್ರಲ್ ಪರೀಕ್ಷೆಯಿಂದ ಇದನ್ನು ಚಕ್ರದ ಬೇರಿಂಗಿನಿಂದ ಬೇರ್ಪಡಿಸಲಾಗದು. ಆದರೆ ಎಡಬಲ ತಿರುವುಗಳಿಗೆ ಇದರ ಸದ್ದು ಬದಲಾಗುವುದಿಲ್ಲ. ನಿಮ್ಮದು ಬದಲಾಗುತ್ತಿದೆ ಎಂದಾದರೆ ನನ್ನ ಮತವೂ ಬಲ ಹಬ್ಬಿಗೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಲೋಡ್ ಇಳಿಸಿ ಬಂದ ಮೇಲೆ ಆಕ್ಸಲ್ ಎತ್ತಿಸಿ ನೋಡಿದೆವು. ಅಲುಗಾಡಿಸಿದಾಗ ಎರಡೂ ಕಡೆ ಹೇಳಿಕೊಳ್ಳುವಂಥ ಆಟ ಇರಲಿಲ್ಲ, ಆದರೆ ಪಾಟಾದ ಮೇಲೆ ಕೈ ಇಟ್ಟು ತಿರುಗಿಸಿದಾಗ ಬಲಗಡೆ ಒರಟು ಸ್ಪಷ್ಟವಾಗಿ ತಿಳಿಯಿತು. ಬಿಚ್ಚಿದಾಗ ಒಳಗಿನ ಬೇರಿಂಗಿನ ಕಪ್ಪಿನಲ್ಲಿ, ಒಂದೆಡೆ ಮಾತ್ರ, ಹೆಬ್ಬೆರಳಿನಗಲ ಉಕ್ಕಿನ ಪದರ ಎದ್ದಿತ್ತು. ಸೀಲಿನ ತುಟಿ ಹರಿದಿತ್ತು, ಗ್ರೀಸ್ ಬೂದುಬಣ್ಣಕ್ಕೆ ತಿರುಗಿತ್ತು. ಕಪ್, ಕೋನ್, ಸೀಲ್ ಎಲ್ಲ ಹೊಸದಾಗಿ ಹಾಕಿಸಿದೆವು. ಹಬ್ ಚೆನ್ನಾಗಿಯೇ ಇದ್ದುದರಿಂದ ಅದನ್ನು ಬದಲಿಸಲಿಲ್ಲ. ಎಡಗಡೆಯ ಹಳೆಯ ಸಾಮಾನಿನಲ್ಲಿ ಕಪ್ಪೂ ಇತ್ತು, ನಟ್ಟು ಮಾತ್ರ ಅತಿಯಾಗಿ ಬಿಗಿದಿತ್ತು, ಅದನ್ನೂ ಗೇಜ್ ಇಟ್ಟು ಸರಿಪಡಿಸಿದರು. ಗರಗರ ಈಗ ಹೋಗಿದೆ. ಸಣ್ಣದೊಂದು ಗುಂಯ್‌ಗುಡುವಿಕೆ ಉಳಿದಿದ್ದು, ಕಾಂಕ್ರೀಟ್ ರಸ್ತೆಗೆ ಬಂದೊಡನೆ ಅದು ಅಡಗುತ್ತದೆ. ಟೈರನ್ನು ಸವರಿ ನೋಡಿದರೆ ನೀವು ಹೇಳಿದ ಗರಗಸದ ಹಲ್ಲು ಕೈಗೆ ಹತ್ತುತ್ತದೆ. ಅಲೈನ್‌ಮೆಂಟ್ ಮಾಡಿಸಿ ಈ ಎರಡು ಟೈರುಗಳನ್ನು ಹಿಂದಕ್ಕೆ ಹಾಕಿಸಬಹುದೇ?

ಉತ್ತರ: ವಿಜಯಪುರದ ಗ್ಯಾರೇಜ್ ಮಾಲೀಕರು

ಹಾಕಿಸಬಹುದು. ಆದರೆ ಹಿಂದೆ ಜೋಡಿ ಟೈರುಗಳಿರುವುದರಿಂದ ಒಂದೇ ಕಡೆಯ ಎರಡು ಟೈರುಗಳ ಸುತ್ತಳತೆ ಸಮನಾಗಿರಬೇಕು. ಸವೆದದ್ದನ್ನೂ ಹೊಸದನ್ನೂ ಜೋಡಿಸಿದರೆ ದೊಡ್ಡದರ ಮೇಲೆಯೇ ಭಾರವೆಲ್ಲ ಬಿದ್ದು ಅದು ಕಾದು ಹಾಳಾಗುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿ ಸವೆಯುತ್ತದೆ. ಟೇಪ್ ಹಿಡಿದು ಅಳೆದು, ಈ ಎರಡನ್ನೂ ಒಂದೇ ಕಡೆ ಜೋಡಿಯಾಗಿ ಹಾಕಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ ಲೋಡ್ ಇಳಿಸಿದ ಕೂಡಲೇ ನಟ್ಟುಗಳ ಬಿಗಿಯನ್ನು ಟಾರ್ಕ್ ಪಾನದಿಂದ ಮತ್ತೊಮ್ಮೆ ನೋಡಿಸಿ, ಅದೇ ಹೊತ್ತಿಗೆ ಬಲ ಹಬ್ಬಿನ ಬಿಸಿಯನ್ನೂ ಎಡದ್ದರೊಂದಿಗೆ ಹೋಲಿಸಿ.