ಹಳೇ ಜೀಪು: ಸ್ಟೇರಿಂಗ್ ಒಂದು ಗೇಣು ತಿರುಗಿದ ಮೇಲೆ ಟೈರು ಅಲ್ಲಾಡುತ್ತೆ, ಎಲ್ಲಿ ಹುಡುಕಲಿ?

ಆಲ್ದೂರು ತ್ರೀಬಿ

ಎಲ್ಲರಿಗೂ ನಮಸ್ಕಾರ. ಗಾಡಿ ಮಹೀಂದ್ರ ಸಿಜೆ-3ಬಿ, 1972ರ ಮಾಡೆಲ್, ಅಪ್ಪನ ಕಾಲದ್ದು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿ ಇಪ್ಪತ್ತು ವರ್ಷದ ಮೇಲಾಯ್ತು. ತೋಟಕ್ಕೆ ಗೊಬ್ಬರ, ಕಣಕ್ಕೆ ಕಾಫಿ ಹಣ್ಣು, ಸಂತೆ ದಿನ ಆಳುಗಳು, ಎಲ್ಲ ಹೊರೋದು ಇದೇ.

ಎರಡು ವರ್ಷದಿಂದ ಸ್ಟೇರಿಂಗ್ ಸಡಿಲ ಆಗ್ತಾ ಬಂದು ಈಗ ಒಂದು ಗೇಣು ತಿರುಗಿಸಿದ ಮೇಲೇ ಟೈರು ಮಾತು ಕೇಳೋದು. ತೋಟದೊಳಗೆ ಗೊತ್ತಾಗಲ್ಲ. ಚಿಕ್ಕಮಗಳೂರು ರೋಡಿಗೆ ಬಿಟ್ಟರೆ ನೆಟ್ಟಗೆ ಹೋಗೋಕೂ ರಾಗಿ ಬೀಸಿದ ಹಾಗೆ ಕೈ ಆಡಿಸ್ತಾನೇ ಇರಬೇಕು. 40ರ ಮೇಲೆ ಹೋಗುವಾಗ ಒಂದು ಗುಂಡಿ ಸಿಕ್ಕಿತೋ, ಮುಂದಿನ ಎರಡೂ ಚಕ್ರ ದಡದಡ ಅಂತ ಒದರಿಕೊಳ್ಳುತ್ತೆ, ಪೂರ್ತಿ ನಿಧಾನ ಮಾಡೋವರೆಗೂ ಬಿಡಲ್ಲ. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತೆ.

ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ಕಂಬದ ಬುಡದ ಗೇರ್ ಪೆಟ್ಟಿಗೆ) ಸ್ಕ್ರೂ ಬಿಗಿ ಮಾಡಿ ಕೊಟ್ಟರು. ಪ್ಲೇ, ಅಂದರೆ ಈ ಸಡಿಲ, ಕಮ್ಮಿ ಆಯ್ತು ಅನ್ನಿಸ್ತು, ಆದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರೋದು ನಿಂತೇಹೋಯ್ತು. ಇನ್ನೊಂದು ಕಡೆ ಟೈ ರಾಡ್ ಎಂಡ್, ಅಂದರೆ ಚಕ್ರ ತಿರುಗಿಸೋ ಸರಳುಗಳ ತುದಿಯ ಕೀಲು, ನಾಲ್ಕೂ ಹೊಸದು ಹಾಕಿದರು. ಹದಿನೈದು ದಿನ ಚೆನ್ನಾಗಿತ್ತು, ಅಷ್ಟೇ.

ಅಪ್ಪನ ಕೇಳಿದರೆ, "ಜೀಪಿನ ಸ್ಟೇರಿಂಗ್ ಎಮ್ಮೆ ಹಗ್ಗ ಇದ್ದಂಗೆ, ಸಡಿಲ ಬಿಟ್ಟೇ ಹಿಡೀಬೇಕು" ಅಂತಾರೆ. ಅವರು ಬಿಡ್ತಾರೆ, ನನಗಾಗಲ್ಲ. ಮುಂದಿನ ತಿಂಗಳು ಅರೇಬಿಕಾ ಕೊಯ್ಲು ಶುರು. ಅಷ್ಟರೊಳಗೆ ಏನಾದರೂ ಮಾಡಬೇಕು. ಯಾರಾದರೂ ದಾರಿ ಹೇಳಿ ಮಾರಾಯ್ರೆ.

ಸಕಲೇಶಪುರ ಜಿಪ್ಸಿ

ಸ್ಟೇರಿಂಗ್ ಡ್ಯಾಂಪರ್ (ನಡುಕ ತಡೆಯೋ ಶಾಕ್ ಅಬ್ಸಾರ್ಬರ್) ಹಾಕಿಸಿಬಿಡಿ ಅಣ್ಣ. ನನ್ನ ಜಿಪ್ಸಿಯಲ್ಲೂ ಹೀಗೇ ಒದರ್ತಿತ್ತು, ಡ್ಯಾಂಪರ್ ಬದಲಾಯಿಸಿದ ದಿನವೇ ನಿಂತಿತು. ಟೈರ್ ಗಾಳಿನೂ ಎರಡೂ ಕಡೆ ಒಂದೇ ಇದೆಯಾ ನೋಡಿ.

ಹಳೇ ಮೇಸ್ತ್ರಿ

ಡ್ಯಾಂಪರ್ ಹಾಕೋದು ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ. ನಡುಕ ಕಾಣಲ್ಲ, ಜ್ವರ ಅಲ್ಲೇ ಇರುತ್ತೆ. ಜಿಪ್ಸಿಯವರು ಬೇಜಾರು ಮಾಡ್ಕೋಬೇಡಿ, ನಿಮ್ಮದೂ ಒಂದ್ಸಲ ಜಾಕ್ ಹಾಕಿ ನೋಡಿ.

ನಾನು ಮೂಡಿಗೆರೆ ಕಡೆ ಮೂವತ್ತು ವರ್ಷ ಜೀಪು ಬಿಚ್ಚಿದವನು. ಈಗ ಹಾಸನದಲ್ಲಿ ಮಗನ ಮನೆಯಲ್ಲಿದ್ದೀನಿ, ಇದನ್ನು ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ಆಲ್ದೂರಿನವರೇ, ಮೊದಲು ಸ್ಪ್ಯಾನರ್ ಕೆಳಗಿಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರ ನೆಲದ ಮೇಲೇ ಇರಲಿ, ಎಂಜಿನ್ ಆಫ್. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡ-ಬಲ ಸ್ವಲ್ಪಸ್ವಲ್ಪವೇ ಆಡಿಸಲಿ. ನೀವು ಟಾರ್ಚ್ ಹಿಡಿದು ಅಡಿಯಲ್ಲಿ ಮಲಗಿ. ಬಾಕ್ಸಿನಿಂದ ಶುರು ಮಾಡಿ ಒಂದೊಂದೇ ಜಾಯಿಂಟ್ ಮೇಲೆ ಹೆಬ್ಬೆರಳಿಟ್ಟು ಬನ್ನಿ. ಬಾಕ್ಸೇ ಚಾಸಿ ಮೇಲೆ ಅಲ್ಲಾಡ್ತಿದ್ಯಾ? ಬಾಕ್ಸಿನಿಂದ ಹೊರಬರೋ ತೋಳು, ಪಿಟ್‌ಮನ್ ಆರ್ಮ್, ತಕ್ಷಣ ಅಲ್ಲಾಡುತ್ತಾ? ಅಲ್ಲಿಂದ ಆ ತೋಳಿಗೆ ಸೇರಿದ ಉದ್ದ ಸರಳು, ಡ್ರ್ಯಾಗ್ ಲಿಂಕ್. ಎಲ್ಲಿವರೆಗೆ ಅಲ್ಲಾಟ ಬಂದು ಮುಂದಕ್ಕೆ ಹೋಗದೆ ಸಾಯುತ್ತೋ, ಸವೆದಿರೋದು ಅಲ್ಲೇ.

ತ್ರೀಬಿಯಲ್ಲಿ ಎಲ್ಲರೂ ಮರೆಯೋ ಒಂದು ಜಾಗ ಇದೆ: ಬೆಲ್ ಕ್ರ್ಯಾಂಕ್. ಮುಂದೆ ನಡುವಿನಲ್ಲಿ ಒಂದು ಶಾಫ್ಟ್ ಮೇಲೆ ತಿರುಗುವ ತುಂಡು. ಡ್ರ್ಯಾಗ್ ಲಿಂಕ್ ಬಂದು ಸೇರೋದು ಅದಕ್ಕೆ, ಎರಡೂ ಟೈ ರಾಡ್ ಹೊರಡೋದೂ ಅಲ್ಲಿಂದಲೇ. ಕೆಸರು, ನೀರು ಬೀಳೋದೂ ಅಲ್ಲಿಗೇ. ಗ್ರೀಸ್ ತುಂಬೋ ನಿಪ್ಪಲ್ ಮುಚ್ಚಿಹೋಗಿರುತ್ತೆ, ಯಾರೂ ಗ್ರೀಸ್ ಗನ್ ಹಿಡಿಯಲ್ಲ. ಅದರ ಶಾಫ್ಟ್ ಸವೆದರೆ ಟೈ ರಾಡ್ ಎಂಡ್ ನಲವತ್ತು ಹಾಕಿದರೂ ಅಷ್ಟೇ. ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಕುಲುಕಿ ನೋಡಿ.

ದಡದಡ ಒದರೋದಕ್ಕೆ ನನ್ನ ಅನುಮಾನ ಕಿಂಗ್ ಪಿನ್, ಮುಂದಿನ ಚಕ್ರ ಎಡ-ಬಲ ತಿರುಗೋ ಕೀಲು. ಮುಂದಿನ ಚಕ್ರ ಎತ್ತಿ ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಕುಲುಕಿ. ಪ್ಲೇ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಕುಲುಕಿ. ಪ್ಲೇ ಮಾಯ ಆದರೆ ವೀಲ್ ಬೇರಿಂಗ್. ಹಾಗೇ ಇದ್ದರೆ ಕಿಂಗ್ ಪಿನ್. ಕಿಂಗ್ ಪಿನ್ ಬೇರಿಂಗ್‌ನಲ್ಲಿ ಗುಂಡಿ ಬಿದ್ದಿರದಿದ್ದರೆ ಕ್ಯಾಪ್ ಅಡಿಯ ಶಿಮ್ (ತೆಳು ತಗಡು) ತೆಗೆದು ಬಿಗಿ ಮಾಡಬಹುದು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸಿಲ್ವರ್ ಓಕ್ ದಿಮ್ಮಿ ಕೊಡಿ. ತೋಟದಲ್ಲಿ ಅದಕ್ಕೇನು ಬರ.

ಆಕ್ಸಲನ್ನು ಸ್ಪ್ರಿಂಗ್ ಪಟ್ಟಿಗೆ ಕಟ್ಟೋ ಯು ಬೋಲ್ಟ್, ಪಟ್ಟಿಯ ತುದಿಯ ಶ್ಯಾಕಲ್ ಬುಶ್ ಕೂಡ ನೋಡಿ. ಆಕ್ಸಲ್ಲೇ ಹಿಂದೆ ಮುಂದೆ ಓಡಾಡಿದರೆ ಸ್ಟೇರಿಂಗ್ ಪಾಪ ಏನು ಮಾಡೀತು.

ಇನ್ನು ಬಾಕ್ಸ್. ಆ ಸ್ಕ್ರೂ ಮುಟ್ಟಿದವನ ಕೈ ಕಟ್ಟಬೇಕು. ಹಲ್ಲು ಹೆಚ್ಚಾಗಿ ಸವೆಯೋದು ನೆಟ್ಟಗೆ ಓಡುವ ಜಾಗದಲ್ಲಿ. ಅಷ್ಟೂ ಸವೆತಕ್ಕೆ ಸರಿಯಾಗಿ ಬಿಗಿ ಮಾಡಿದರೆ ತಿರುವಿನಲ್ಲಿ ಹಿಡ್ಕೊಳ್ಳುತ್ತೆ. ನಿಮಗೆ ಆಗಿರೋದು ಅದೇ. ಬೇರೆ ಎಲ್ಲ ಮುಗಿದ ಮೇಲೆ ಕೊನೆಗೆ ಬಾಕ್ಸಿಗೆ ಬನ್ನಿ. ಒಳಗೆ ಗ್ರೀಸ್ ತುಂಬಿದ್ದರೆ ತೆಗೆದು 90 ನಂಬರ್ ಗೇರ್ ಆಯಿಲ್ ಹಾಕಿ. ಗ್ರೀಸ್ ಒಂದ್ಸಲ ಪಕ್ಕಕ್ಕೆ ಸರಿದರೆ ವಾಪಸ್ ಬರಲ್ಲ.

ಆಲ್ದೂರು ತ್ರೀಬಿ

ಮೇಸ್ತ್ರಿಗಳೇ, ಭಾನುವಾರ ಕಣದಲ್ಲಿ ನಿಲ್ಲಿಸಿ ನೀವು ಹೇಳಿದ ಹಾಗೇ ಮಾಡಿದೆ. ಮನೆಯವಳು ಸ್ಟೇರಿಂಗ್ ಹಿಡಿದಳು, ನಾನು ಅಡಿಗೆ. ಅಪ್ಪ ಜಗಲಿಯಲ್ಲಿ ಕೂತು ಇಬ್ಬರಿಗೂ ಬುದ್ಧಿ ಹೇಳ್ತಿದ್ದರು.

ಪಿಟ್‌ಮನ್ ಆರ್ಮ್ ಸರಿ. ಡ್ರ್ಯಾಗ್ ಲಿಂಕಿನ ಹಿಂದಿನ ತುದಿ ಸ್ವಲ್ಪ ಸಡಿಲ. ಬೆಲ್ ಕ್ರ್ಯಾಂಕಿಗೆ ಬಂದಾಗ ನಗು ಬಂತು, ಅಳುವೂ ಬಂತು. ಅದು ತಿರುಗೋಕೆ ಮೊದಲು ಕುಂಟನ ಹಾಗೆ ಒಂದು ಪಕ್ಕಕ್ಕೆ ವಾಲುತ್ತೆ, ಆಮೇಲೆ ಟೈ ರಾಡ್ ಎಳೆಯುತ್ತೆ. ಹೆಬ್ಬೆರಳೇ ಬೇಕಿರಲಿಲ್ಲ, ಕಣ್ಣಿಗೇ ಕಾಣ್ತಿತ್ತು. ಎರಡು ಗ್ಯಾರೇಜಿನಲ್ಲಿ ಯಾರೂ ಅಡಿಗೆ ಮಲಗಿಯೇ ಇಲ್ಲ ಅಂತ ಆಯ್ತು. ಬಿಚ್ಚಿದರೆ ಒಳಗೆ ನೀಡಲ್ ಬೇರಿಂಗ್ ಇದ್ದ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ. ಶಾಫ್ಟ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಹಳ್ಳ.

ಚಿಕ್ಕಮಗಳೂರಿನಲ್ಲಿ ಲೇತ್‌ನವರ ಹತ್ತಿರ ಹೊಸ ಶಾಫ್ಟ್, ಗನ್ ಮೆಟಲ್ ಬುಶ್ ಮಾಡಿಸಿದೆ. ಗ್ರೀಸ್ ಹೋಗೋಕೆ ಬುಶ್ ಒಳಗೆ ಗೀರು ಕೊರೆಸಿ, ನಿಪ್ಪಲ್ ಹೊಸದು ಹಾಕಿದೆ. ಡ್ರ್ಯಾಗ್ ಲಿಂಕಿನ ತುದಿಯ ಪ್ಲಗ್ಗನ್ನು ಪೂರ್ತಿ ಬಿಗಿ ಮಾಡಿ, ಅರ್ಧ ಸುತ್ತು ಬಿಟ್ಟು, ಸ್ಪ್ಲಿಟ್ ಪಿನ್ ಹಾಕಿದೆ.

ಬಲಗಡೆ ಚಕ್ರ ಬ್ರೇಕ್ ಒತ್ತಿದರೂ ಅಲ್ಲಾಡ್ತಿತ್ತು. ಕಿಂಗ್ ಪಿನ್ ಬೇರಿಂಗ್ ಕೆಳಗಿನದ್ದು ಗುಂಡಿ ಬಿದ್ದಿತ್ತು, ಎರಡೂ ಕಡೆ ಬದಲಾಯಿಸಿದೆ. ಬಾಕ್ಸಿನ ಸ್ಕ್ರೂ ಕಾಲು ಸುತ್ತು ಸಡಿಲ ಬಿಟ್ಟೆ. ಒಳಗೆ ನೀವು ಹೇಳಿದ ಹಾಗೇ ಗ್ರೀಸ್ ಇತ್ತು, ಸೀಮೆಎಣ್ಣೆಯಲ್ಲಿ ತೊಳೆದು ಆಯಿಲ್ ತುಂಬಿದೆ.

ಈಗ ಪ್ಲೇ ಒಂದಿಂಚು. ನಿನ್ನೆ ಅದೇ ಗುಂಡಿಗೆ 45ರಲ್ಲಿ ಬೇಕಂತಲೇ ಬಿಟ್ಟೆ. ಒಂದು ಸಲ ಕುಕ್ಕಿತು, ಸುಮ್ಮನಾಯ್ತು. ತಿರುವಿನಲ್ಲಿ ಕೈ ಬಿಟ್ಟರೆ ಸ್ಟೇರಿಂಗ್ ತಾನೇ ವಾಪಸ್ ಬರುತ್ತೆ. ಅಪ್ಪ ಒಂದು ರೌಂಡ್ ಹೊಡೆದು ಬಂದು "ಯಾಕೋ ಗಟ್ಟಿ ಆಯ್ತಲ್ಲೋ" ಅಂದರು.

ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯೋದು ಮಾತ್ರ ಹೋಗಿಲ್ಲ. ಬಲಗಡೆ ಡ್ರಮ್ ಬಿಚ್ಚಿದಾಗ ಲೈನಿಂಗ್ ಎಣ್ಣೆಯಲ್ಲಿ ನೆನೆದಿತ್ತು. ಬೆಂಕಿಗೆ ಹಿಡಿದು ಒಣಗಿಸಿದರೆ ಸಾಕಾ?

ಹಳೇ ಮೇಸ್ತ್ರಿ

ಸಾಲದು. ಎಣ್ಣೆ ಕುಡಿದ ಲೈನಿಂಗ್ ಬಿಸಿಯಾದಾಗ ಮತ್ತೆ ಕಕ್ಕುತ್ತೆ. ಮೊದಲು ಆಯಿಲ್ ಸೀಲ್ ಹಾಕಿ, ಆಮೇಲೆ ಲೈನಿಂಗ್ ಹೊಸದು, ಎರಡೂ ಕಡೆ. ಒಂದೇ ಕಡೆ ಹಾಕಿದರೆ ಈಗ ಎಡಕ್ಕೆ ಎಳೆಯೋದು ಆಗ ಬಲಕ್ಕೆ ಎಳೆಯುತ್ತೆ.