‘ಟ್ರೂ ಬಗ್’ಗೆ ತಿಗಣೆ ಅಂದರೆ ಸಾಕಾ?

ಗೆಳೆಯರೇ, ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಮೂರು ದಿನ ಆಯ್ತು. ಸ್ವಲ್ಪ ಸಹಾಯ ಮಾಡಿ.

ಮಕ್ಕಳಿಗಾಗಿ ಒಂದು ಹುಳದ ಪಳೆಯುಳಿಕೆಯ ಬಗ್ಗೆ ಬರೆಯುತ್ತಿದ್ದೇನೆ. ಅಮೆರಿಕದ ಕೊಲರಾಡೊದಲ್ಲಿ, ಗ್ರೀನ್ ರಿವರ್ ಕಲ್ಲಿನ ಪದರಗಳಲ್ಲಿ 2006ರಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು 5 ಕೋಟಿ ವರ್ಷ. 2021ರಲ್ಲಿ ಅದಕ್ಕೆ ಅಫೆಲಿಕೊಫಾಂಟೀಸ್ ಡ್ಯಾನ್‌ಜುಡ್ಡಿ ಅಂತ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಇದು ‘ಅಸಾಸಿನ್ ಬಗ್’, ಅಂದರೆ ಬೇರೆ ಹುಳಗಳನ್ನು ಬೇಟೆಯಾಡಿ ತಿನ್ನುವಂಥದ್ದು, ‘ಟ್ರೂ ಬಗ್’ಗಳ ಗುಂಪಿಗೆ ಸೇರಿದ್ದು. ಆ ‘ಟ್ರೂ’ ಅನ್ನೋದೇ ತಲೆನೋವು. ‘ನಿಜವಾದ ಹುಳ’ ಅಂತ ಬರೆದರೆ ಸುಳ್ಳು ಹುಳ ಯಾವುದು ಅಂತ ಮಕ್ಕಳು ಕೇಳದೆ ಬಿಡ್ತಾರಾ?

ಸದ್ಯಕ್ಕೆ ‘ತಿಗಣೆ’ ಅಂತ ಹಾಕಿದ್ದೇನೆ. ಓದಿದ ಗೆಳತಿ, “ಹಾಸಿಗೇಲಿ ಇರೋದಲ್ವಾ, ಕಲ್ಲೊಳಗೆ ಯಾಕೆ ಹೋಯ್ತು?” ಅಂತ ನಕ್ಕಳು. ಆದರೆ ಈ ಪದ ಮಂಚದಿಂದ ಇಳಿದು ಹೊಲಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಪಪ್ಪಾಯಿಗೆ, ದಾಸವಾಳಕ್ಕೆ ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವುದನ್ನು ಹಿಟ್ಟು ತಿಗಣೆ ಅಂತಲೇ ಕರೆಯುತ್ತೇವೆ, ಅದೂ ಇದೇ ಗುಂಪು. ಜರ್ಮನ್, ಫ್ರೆಂಚ್ ಮಾತಾಡುವವರೂ ಹಾಸಿಗೆಯದ್ದಕ್ಕೂ ಹೊಲದ್ದಕ್ಕೂ ಒಂದೇ ಪದ ಬಳಸುತ್ತಾರೆ. ಹಾಗಂತ ಬಳಕೆಯ ಮಾತನ್ನು ಪೂರ್ತಿ ನಂಬೋ ಹಾಗೂ ಇಲ್ಲ. ಗೇರುತೋಟದ ‘ಟೀ ಸೊಳ್ಳೆ’ ಸೊಳ್ಳೆ ಅಲ್ಲ, ‘ಬಿಳಿ ನೊಣ’ ನೊಣ ಅಲ್ಲ, ಎರಡೂ ಗಿಡದ ರಸ ಹೀರುವ ಇದೇ ಬಳಗದವು!

ಈ ಗುಂಪಿನ ವೈಜ್ಞಾನಿಕ ಹೆಸರು ‘ಹೆಮಿಪ್ಟೆರಾ’, ಅಂದರೆ ಅರೆರೆಕ್ಕೆ. ಮೇಲಿನ ರೆಕ್ಕೆಯ ಬುಡ ತೊಗಲಿನ ಹಾಗೆ ದಪ್ಪ, ತುದಿ ತೆಳು ಪೊರೆ. ‘ಅರೆರೆಕ್ಕೆ ಹುಳ’ ಅಂತ ಮಾಡಬಹುದಿತ್ತು, ಆದರೆ ಮರದಲ್ಲಿ ಕೂತು ಜೀರ್ ಅನ್ನುವ ಜೀರುಂಡೆಯೂ (ಸಿಕಾಡಾ) ಈ ಗುಂಪಿನದ್ದೇ, ಅದರ ರೆಕ್ಕೆ ಇಡೀ ಗಾಜಿನ ಹಾಗೆ. ಹಾಸಿಗೆಯ ತಿಗಣೆಗಂತೂ ಹಾರುವ ರೆಕ್ಕೆಯೇ ಇಲ್ಲ. ಎಲ್ಲಕ್ಕೂ ಇರೋದು ಚುಚ್ಚಿ ಹೀರುವ ಮೂತಿ. ಅಸಾಸಿನ್ ಬಗ್ ಒಂದನ್ನು ಮಗುಚಿ ನೋಡಿ: ತಲೆಯಡಿ ಬಾಗಿದ, ಮೂರು ಗೆಣ್ಣಿನ ಗಟ್ಟಿ ಮೂತಿ. ಎದೆಯಲ್ಲಿ ಗೀರುಗೀರಾದ ಒಂದು ತೋಡು ಇರುತ್ತದೆ, ಹಿಡಿದರೆ ಮೂತಿಯ ತುದಿಯನ್ನು ಅದಕ್ಕೆ ಉಜ್ಜಿ ಕಿರ್ ಅನ್ನುತ್ತದೆ. ಹಾಗಾಗಿ ‘ಚುಚ್ಚುಮೂತಿ ಹುಳ’ ಅಂತಲೂ ಯೋಚಿಸಿದೆ. ಆದರೆ ಸೊಳ್ಳೆಯೂ ಚುಚ್ಚುತ್ತದಲ್ಲ! ನನ್ನ ಮತ ತಿಗಣೆಗೇ, ಜೀರುಂಡೆಯನ್ನು ತಿಗಣೆ ಅನ್ನೋಕೆ ನನಗೂ ಬಾಯಿ ಬರಲ್ಲ ಅನ್ನೋದು ಬೇರೆ ಮಾತು. ‘ಅಸಾಸಿನ್’ಗೆ ‘ಹಂತಕ’ ಬೇಡ, ಅದು ಅಪರಾಧ ಸುದ್ದಿಯ ಪದ. ‘ಬೇಟೆ ತಿಗಣೆ’ ಹೇಗಿದೆ?

ಇನ್ನೊಂದು ಕಿರಿಕಿರಿ ‘ಡಿಸ್ಕ್ರೈಬ್’. ‘ವರ್ಣಿಸಿದರು’ ಅಂದರೆ ಕಾವ್ಯವಾಗುತ್ತದೆ. ಸುಮ್ನೆ ‘ಹೊಸ ಪ್ರಭೇದ ಪತ್ತೆ’ ಅಂತ ಬರೆಯೋದು ತಪ್ಪು: ಪತ್ತೆಯಾಗಿದ್ದು 2006ರಲ್ಲಿ, ಲಕ್ಷಣ ಬರೆದು ಹೆಸರಿಟ್ಟಿದ್ದು 15 ವರ್ಷದ ಮೇಲೆ. ಅದಕ್ಕೇ ‘ಲಕ್ಷಣ ಬರೆದು ಹೆಸರಿಟ್ಟರು’ ಅಂತಲೇ ಉದ್ದಕ್ಕೆ ಬರೆದಿದ್ದೇನೆ. ‘ಹೊಸ’ ಅನ್ನೋದೂ ಹಾಗೇ, ಹೊಸದು ನಮಗೆ, ಹುಳಕ್ಕಲ್ಲ.

ಕೊನೆಗೆ ನಿಜಕ್ಕೂ ಕಂಗೆಟ್ಟಿರೋದು ಇಲ್ಲಿ. ಕಲ್ಲು ಒಡೆದಾಗ ಹುಳ ತಲೆಯಿಂದ ಹೊಟ್ಟೆಯವರೆಗೆ ಬೇಳೆಯ ಹಾಗೆ ಎರಡಾಯಿತು, ಗಂಡಿನ ಜನನಾಂಗದ ಬಟ್ಟಲು ಕೂಡ ಸೀಳಿ ಒಳಗಿನದೆಲ್ಲ ಕಾಣಿಸಿತು, ಪಳೆಯುಳಿಕೆಯಲ್ಲಿ ಇದು ತೀರಾ ಅಪರೂಪ. ವ್ಯಾಪಾರಿ ಎರಡು ಹೋಳನ್ನೂ ಬೇರೆ ಬೇರೆ ಸಂಗ್ರಾಹಕರಿಗೆ ಮಾರಿದ್ದ. ಸಂಶೋಧಕರು ಎರಡನ್ನೂ ಹುಡುಕಿ ಜೋಡಿಸಿದರು. ತನ್ನ ಹೋಳನ್ನು ದಾನ ಕೊಟ್ಟ ಡ್ಯಾನ್ ಜಡ್ ಅವರ ಹೆಸರೇ ಹುಳಕ್ಕೆ ಬಂತು. ಇಂಗ್ಲಿಷಿನಲ್ಲಿ ಆ ಹೋಳುಗಳು ‘ಪಾರ್ಟ್’, ‘ಕೌಂಟರ್‌ಪಾರ್ಟ್’. ‘ಹೋಳು, ಪಡಿಹೋಳು’ ನಡೆಯುತ್ತಾ? ಕಲ್ಲುಕುಟಿಗರ ಮನೆಯವರು ಯಾರಾದರೂ ಇದ್ದರೆ, ಒಡೆದ ಕಲ್ಲಿನ ಎದುರುಬದುರು ಮುಖಗಳಿಗೆ ನಿಮ್ಮಲ್ಲಿ ಏನಂತಾರೆ ಹೇಳಿ.